ತಗಡೂರಿನ ಶಾಸನವೂ ಎಂಟಂಕಿಯ ಪುಟಗಳೂ: ದೊಡ್ಡ ಫೈಲ್ ವಿತರಣೆಯ ಚರಿತ್ರೆಗೊಂದು ತಿದ್ದುಪಡಿ

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಪುಸ್ತಕಗಳನ್ನು ಇಡಿಯಾಗಿ ಕೊಡದೆ ಪುಟಪುಟವಾಗಿ ಕೊಟ್ಟಿತಲ್ಲ, ದೊಡ್ಡ ಫೈಲನ್ನು ಸರ್ವರಿನಿಂದ ಸಾಗಿಸುವ ವಿದ್ಯೆ ಅದನ್ನು ಕಟ್ಟಿದವರಿಗೆ ತಿಳಿದಿರಲಿಲ್ಲ ಎಂಬ ಮಾತು ನಮ್ಮ ಸಂಶೋಧಕರ ನಡುವೆ ಬೇರೂರಿದೆ. ಇದಕ್ಕೆ ಅವರು ತೋರಿಸುವ ಆಧಾರ ಒಂದೇ, ಫೈಲುಗಳ ಹೆಸರು. ಪುಟಕ್ಕೊಂದರಂತೆ 00000001ರಿಂದ ಸಾಲುಗಟ್ಟಿದ ಎಂಟಂಕಿಯ ಟಿಫ್ ಚಿತ್ರಗಳವು.

ಕಾಲದ ಲೆಕ್ಕಕ್ಕೇ ಈ ವಾದ ನಿಲ್ಲುವುದಿಲ್ಲ. ಫೈಲಿನ ಇಂತಿಷ್ಟು ಬೈಟುಗಳನ್ನು ಮಾತ್ರ ಕೇಳಿ ಪಡೆಯುವ 'ರೇಂಜ್' ವ್ಯವಸ್ಥೆ 1997ರ ಜನವರಿಯಲ್ಲೇ ಎಚ್‌ಟಿಟಿಪಿ 1.1ರ ನಿಯಮಾವಳಿಯಲ್ಲಿ ಸೇರಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಈ ಗ್ರಂಥಾಲಯದ ಕೆಲಸ ಹಿಡಿದದ್ದು 2000ದ ದಶಕದಲ್ಲಿ. ಕಂಪ್ಯೂಟರ್ ವಿಜ್ಞಾನವನ್ನೇ ಬೋಧಿಸುವ ಸಂಸ್ಥೆಗೆ ಇದು ಗೊತ್ತಿರಲಿಲ್ಲ ಎನ್ನಲು ಸಾಕಷ್ಟು ಧೈರ್ಯ ಬೇಕು. ಇನ್ನು ಕೆಲವರು ಫೈಲಿನ ಗಾತ್ರಕ್ಕೆ ಅಪಾಚೆ ಸರ್ವರಿನಲ್ಲಿದ್ದ 2 ಜಿಬಿ ಮಿತಿಯನ್ನು ಎಳೆದು ತರುತ್ತಾರೆ. 32 ಬಿಟ್ ಯಂತ್ರಗಳಲ್ಲಿ ಆ ಮಿತಿ ಇದ್ದದ್ದು, 2005ರ ಡಿಸೆಂಬರಿನ 2.2 ಆವೃತ್ತಿ ಅದನ್ನು ನೀಗಿಸಿದ್ದು ಎರಡೂ ನಿಜ. ಆದರೆ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದ ಯಾವ ಶಾಸನ ಸಂಪುಟ ಆ ಗಾತ್ರದ ಹತ್ತಿರ ಸುಳಿದೀತು?

ನನ್ನ ಓದು ಬೇರೆ. ಎಂಟಂಕಿಯ ಹೆಸರು ಸ್ಕ್ಯಾನಿಂಗ್ ಕೇಂದ್ರದ ಮೇಜಿನ ಮೇಲೆ ಹುಟ್ಟಿದ್ದು. ಚಿತ್ರ ತೆಗೆದ ಕ್ರಮವೇ ಸಂಗ್ರಹದ ಕ್ರಮವಾಯಿತು, ಅದೇ ವಿತರಣೆಯ ಕ್ರಮವೂ ಆಯಿತು. ಇದನ್ನು ಮುಂದಾಲೋಚನೆ ಎಂದು ಹೊಗಳಲಾರೆ (ಅಂಥ ಅಭಿಮಾನಿಗಳೂ ಇದ್ದಾರೆ). ಆದರೂ ಅದರಿಂದ ಸಿಕ್ಕ ಫಲ ರೇಂಜ್ ಕೊಡುವ ಫಲವೇ.

ತಮಿಳುನಾಡಿನ ಧರ್ಮಪುರಿಯನ್ನೇ ನೋಡಿ. ಹಿಂದೆ ತಗಡೂರು ಎನಿಸಿದ್ದ ಈ ಊರಿನಲ್ಲಿ ನೊಳಂಬ ಮಹೇಂದ್ರನ ಕಾಲದ, ಶಕ 815ರ, ಅಂದರೆ ಕ್ರಿ.ಶ. 893ರ ಕನ್ನಡ ಶಾಸನ ಸಿಕ್ಕಿದೆ. ನಿಧಿಯಣ್ಣ, ಚಂದಿಯಣ್ಣ ಎಂಬ ಸಹೋದರರು ಬಸದಿ ಕಟ್ಟಿಸಿದ್ದು, ಮೂಲಪಳ್ಳಿ ಎಂಬ ಊರು ದತ್ತಿಯಾದದ್ದು ಅದರಲ್ಲಿದೆ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಸಂಪಾದಿಸಿದ್ದು ಎಪಿಗ್ರಾಫಿಯಾ ಇಂಡಿಕಾದ ಹತ್ತನೆಯ ಸಂಪುಟದಲ್ಲಿ. ಈ ಶಾಸನ ಬೇಕಾದವನಿಗೆ ಕೆಲವೇ ಪುಟ ಸಾಕು. ಸಂಪುಟ 50 ಎಂಬಿ ಎಂದಿಟ್ಟುಕೊಂಡರೆ 56 ಕೆಬಿಪಿಎಸ್ ಮೋಡೆಮ್ ತನ್ನ ಪೂರ್ಣ ವೇಗದಲ್ಲಿ ಓಡಿದರೂ ಸುಮಾರು ಎರಡು ಗಂಟೆ ಹಿಡಿಯುತ್ತದೆ. 100 ಕೆಬಿಯ ಒಂದು ಪುಟಕ್ಕೆ ಹದಿನೈದು ಸೆಕೆಂಡೂ ಬೇಡ. ಸೇಲಂನಲ್ಲೋ ಹೊಸೂರಿನಲ್ಲೋ ನಡುವೆ ಕರೆಂಟು ಹೋದರೆ ಕೈತಪ್ಪುವುದು ಒಂದು ಪುಟ ಮಾತ್ರ. ಇಡೀ ಪಿಡಿಎಫ್ ಕೊಟ್ಟಿದ್ದರೆ, ನಿಂತಲ್ಲಿಂದ ಮುಂದುವರಿಸಲು ಸರ್ವರು ರೇಂಜನ್ನು ಒಪ್ಪಬೇಕಿತ್ತು, ಓದುಗನ ಬ್ರೌಸರು ಅದನ್ನು ಕೇಳಬೇಕಿತ್ತು, ನಡುವೆ ಫೈಲು ಬದಲಾಗಿರಲೂ ಬಾರದಿತ್ತು. ಬದಲಾಗಿದ್ದರೆ ಹಳೆಯ ಮುಂಭಾಗಕ್ಕೆ ಹೊಸ ಹಿಂಭಾಗ ಅಂಟಿಕೊಂಡು ಬರಬಹುದು.

ದೋಷ ಇದ್ದದ್ದು ಬೇರೆ ಕಡೆ, ಟೀಕಾಕಾರರು ಅತ್ತ ತಿರುಗಿಯೂ ನೋಡಿಲ್ಲ. ಪುಟಗಳನ್ನೆಲ್ಲ ಇಳಿಸಿಕೊಂಡವನಿಗೆ ತನ್ನ ಪ್ರತಿಯನ್ನು ಮೂಲದೊಂದಿಗೆ ತಾಳೆ ನೋಡುವ ಉಪಾಯ ಬೇಕು. ಅದಕ್ಕೆ ಚೆಕ್‌ಸಮ್, ಅಂದರೆ ಫೈಲಿನ ಬೈಟುಗಳಿಂದ ಲೆಕ್ಕಹಾಕಿದ ತಾಳೆಸಂಖ್ಯೆ ಬೇಕು, ಎಂಟಂಕಿಯ ಹೆಸರು ಸಾಲದು. ಸ್ಕ್ಯಾನಿನಲ್ಲೇ ಒಂದು ಹಾಳೆ ಬಿಟ್ಟುಹೋಗಿದ್ದರೂ ಅಂಕಿಗಳು ಮಾತ್ರ ಕಡಿಯದೆ ಸಾಗುತ್ತವೆ. ಇಂಟರ್ನೆಟ್ ಆರ್ಕೈವ್ ಈ ಪುಸ್ತಕಗಳನ್ನು ತನ್ನಲ್ಲಿರಿಸಿಕೊಂಡಾಗ ಪ್ರತಿ ಫೈಲಿಗೂ ಎಂಡಿ5, ಎಸ್‌ಎಚ್‌ಎ1 ಎಂಬ ಚೆಕ್‌ಸಮ್‌ಗಳನ್ನು ದಾಖಲಿಸಿತು. ಸಾಗಣೆಯಲ್ಲಾಗುವ ನಷ್ಟ ಅದರಿಂದ ಹಿಡಿಯಲು ಸಿಗುತ್ತದೆ. ಬಿಟ್ಟುಹೋದ ಹಾಳೆಯನ್ನು ಹಿಡಿಯಲು ಈಗಲೂ ಮುದ್ರಿತ ಪ್ರತಿಯೇ ಬೇಕು.

ಸೇಲಂ, ಧರ್ಮಪುರಿ, ಕೃಷ್ಣಗಿರಿಯ ಶಾಸನ ಚಿತ್ರಗಳನ್ನು ಜಾಲಕ್ಕೆ ಏರಿಸುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟು. ಫೈಲನ್ನು ಪಿಎಚ್‌ಪಿ ಪ್ರೋಗ್ರಾಮಿನ ಕೈಗೆ ಕೊಟ್ಟು ಮೆಮೊರಿ ತುಂಬಿಸಬೇಡಿ, ಎನ್‌ಜಿನ್‌ಎಕ್ಸ್‌ನಂಥ ಸರ್ವರಿಗೇ ಬಿಡಿ. ರೇಂಜ್ ತೆರೆದಿಡಿ. ಇಡೀ ಸಂಪುಟದ ಜೊತೆ ಬಿಡಿ ಪುಟಗಳನ್ನೂ, ಮುದ್ರಿತ ಪುಟಗಳ ಎಣಿಕೆಯನ್ನೂ, ಚೆಕ್‌ಸಮ್ ಪಟ್ಟಿಯನ್ನೂ ಇಡಿ.