ಮಹಾಮಾರಿಯ ಬಳಿಕ ಧರ್ಮಸಭೆ: ಮಿಲಾನಿನಿಂದ ನಮ್ಮೂರಿನವರೆಗೆ



ನಮ್ಮ ದೇವಾಲಯದ ನೂರು ವರುಷಗಳ ವೃತ್ತಾಂತವನ್ನು ಈ ಸಂಚಿಕೆಯ ಇತರ ಪುಟಗಳಲ್ಲಿ ಬಲ್ಲವರು ಬರೆದಿರುವರು. ಅದರಲ್ಲಿ ಒಂದು ಅಧ್ಯಾಯವನ್ನು ಮಾತ್ರ ನಾವೇ ಬರೆಯಲು ಕೇಳಿಕೊಂಡೆವು. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ನಮ್ಮ ದೇವಾಲಯದ ಬಾಗಿಲೂ ಮುಚ್ಚಿತು. ಆ ವರುಷದ ಗರಿಗಳ ಭಾನುವಾರ ಗರಿಗಳಿಲ್ಲದೆ, ಪಾಸ್ಕ ಹಬ್ಬ ಜನರಿಲ್ಲದೆ ಕಳೆದವು. ರೋಮಿನಲ್ಲಿಯೂ ಮಾರ್ಚ್ 27ರ ಸಂಜೆ ಜಗದ್ಗುರು ಫ್ರಾನ್ಸಿಸರು ಸಂತ ಪೇತ್ರರ ಬರಿದಾದ ಚೌಕದಲ್ಲಿ, ಸುರಿಯುವ ಮಳೆಯಲ್ಲಿ, 1522ರ ಪ್ಲೇಗಿನ ಕಾಲದಲ್ಲಿ ಮೆರವಣಿಗೆ ಕಂಡಿದ್ದ ಶಿಲುಬೆಯ ಮುಂದೆ ನಿಂತು ಪ್ರಾರ್ಥಿಸಿದರು.

ಇಂಥದು ಹಿಂದೆಂದೂ ನಡೆದಿಲ್ಲವೆಂದು ಆಗ ಹಲವರು ನುಡಿದರು. ಧರ್ಮಸಭೆಯ ಚರಿತ್ರೆಯನ್ನು ಓದಿದವರು ಹಾಗೆನ್ನಲಾರರು. ಗುರುಮಠದ ವಿದ್ಯಾರ್ಥಿಗಳ ಪಾಲಕರೆಂದು ನಾವು ಪ್ರತಿ ನವೆಂಬರ್ 4ರಂದು ಸ್ಮರಿಸುವ ಸಂತ ಚಾರ್ಲ್ಸ್ ಬೊರೊಮಿಯೊ ಮಿಲಾನಿನ ಮಹಾಧರ್ಮಾಧ್ಯಕ್ಷರಾಗಿದ್ದಾಗ, 1576ರಲ್ಲಿ, ಆ ನಗರಕ್ಕೆ ಪ್ಲೇಗು ಬಡಿಯಿತು. ಸುಮಾರು 17,000 ಜನ ಮಡಿದರು. ಸಂತರು ಬರಿಗಾಲಲ್ಲಿ, ಕೊರಳಿಗೆ ಹಗ್ಗ ಬಿಗಿದುಕೊಂಡು ಪ್ರಾಯಶ್ಚಿತ್ತದ ಮೆರವಣಿಗೆ ನಡೆಸಿದರು. ಜನರು ಒಬ್ಬರಿಂದೊಬ್ಬರು ದೂರವಿದ್ದು ನಡೆಯಬೇಕೆಂಬ ಕಟ್ಟಳೆ ಇತ್ತಾದರೂ, ಇಂದಿನ ವೈದ್ಯರು ಅದನ್ನು ಒಪ್ಪುವರೆಂದು ನಮಗೆ ತೋರದು. ಅರಮನೆಯ ಪರದೆಗಳನ್ನೂ ಜಮಖಾನಗಳನ್ನೂ ಕತ್ತರಿಸಿ ಬಡವರಿಗೆ ಉಡುಪು ಹೊಲಿಸಿದರು.

ಅಕ್ಟೋಬರ್ ಕೊನೆಯಲ್ಲಿ ನಗರದ ಜನರೆಲ್ಲ ಮನೆಯಲ್ಲೇ ಇರಬೇಕೆಂದು ಆಜ್ಞೆಯಾಯಿತು. ಜನರು ದೇವಾಲಯಕ್ಕೆ ಬರಲಾರದೆ ಹೋದಾಗ ಸಂತರು ಪೀಠಗಳನ್ನೇ ಬೀದಿಗೆ ತಂದರು. ನಾಲ್ಕು ದಾರಿ ಕೂಡುವೆಡೆಗಳಲ್ಲಿ ಪೂಜೆಯ ಪೀಠಗಳೆದ್ದವು. ಜನರು ಕಿಟಕಿಗಳಿಂದಲೂ ಹೊಸ್ತಿಲುಗಳಿಂದಲೂ ಬಲಿಪೂಜೆಯಲ್ಲಿ ಪಾಲ್ಗೊಂಡರು. ದಿನಕ್ಕೆ ಏಳು ಬಾರಿ ಗಂಟೆ ಬಾರಿಸಿದಾಗ ಒಂದು ಮನೆಯವರು ಹೇಳಿದ ಪ್ರಾರ್ಥನೆಗೆ ಎದುರುಮನೆಯವರು ಉತ್ತರ ಕೊಡುತ್ತಿದ್ದರು. ಪಾಪನಿವೇದನೆಯೂ ಮನೆಬಾಗಿಲಲ್ಲೇ ನಡೆಯಿತು.

ಸಾಮಾನ್ಯವಾಗಿ ಸಂತರ ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸುವರು. ನಮಗೆ ಮುಖ್ಯವಾದುದು ಮುಂದಿನದು. 1578ರ ಜನವರಿಯಲ್ಲಿ ನಗರವು ರೋಗಮುಕ್ತವೆಂದು ಸಾರಲಾಯಿತು. ಅಷ್ಟರೊಳಗೆ, 1577ರಲ್ಲಿಯೇ, ಹರಕೆಯಂತೆ ಸಂತ ಸೆಬಾಸ್ಟಿಯನ್ನರ ದೇವಾಲಯಕ್ಕೆ ಅಸ್ತಿಭಾರ ಬಿದ್ದಿತ್ತು. ಆದರೆ ಭಯ ಕಳೆದೊಡನೆ ಹಳೆಯ ವಿನೋದಗಳೂ ಮರಳಿದವು. ತಪಸ್ಸುಕಾಲದ ಬಾಗಿಲಲ್ಲೇ ಕುಣಿತ, ಪಂದ್ಯಗಳಾದವು. ಸಂತರು ನೊಂದು, 1579ರಲ್ಲಿ ಮಿಲಾನಿನ ಜನರಿಗೆ ಒಂದು ಜ್ಞಾಪನ ಗ್ರಂಥವನ್ನೇ ಬರೆದು ಪ್ಲೇಗಿನ ದಿನಗಳನ್ನು ಮರೆಯಬೇಡಿರೆಂದು ಕೇಳಿಕೊಂಡರು. ಗ್ರಂಥಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬೀದಿಯ ಪೀಠಗಳೆಂದು ನಮ್ಮ ಎಣಿಕೆ. ಅವು ಇದ್ದ ಹಲವೆಡೆ ಕಂಬದ ಮೇಲೆ ಶಿಲುಬೆಗಳು ನಿಂತವು. ಆಯಾ ಕೇರಿಯವರು ಸಂಘ ಕಟ್ಟಿಕೊಂಡು ಸಂಜೆಯ ಹೊತ್ತು ಅದರ ಬುಡದಲ್ಲಿ ಕೂಡಿ ಪ್ರಾರ್ಥಿಸತೊಡಗಿದರು. ಬಾಗಿಲು ಮುಚ್ಚಿದ್ದಾಗ ಕಲಿತದ್ದು ಬಾಗಿಲು ತೆರೆದ ಮೇಲೂ ಉಳಿಯಿತು.

ನಮ್ಮೂರಿನ ಸಂಗತಿಗೆ ಬರೋಣ. 2020ರ ಜೂನ್ 8ರಿಂದ ಆರಾಧನಾಲಯಗಳನ್ನು ತೆರೆಯಬಹುದೆಂದು ಸರ್ಕಾರ ತಿಳಿಸಿತು. ಆದರೆ ತೀರ್ಥ ಚಿಮುಕಿಸುವಂತಿಲ್ಲ, ಸ್ವರೂಪಗಳನ್ನು ಮುಟ್ಟುವಂತಿಲ್ಲ, ಗಾನವೃಂದ ಹಾಡುವಂತಿಲ್ಲ. 65 ಮೀರಿದವರೂ 10 ವರುಷದೊಳಗಿನ ಮಕ್ಕಳೂ ಮನೆಯಲ್ಲೇ ಇರುವುದು ಲೇಸೆಂದು ಸೂಚನೆ. ಅಜ್ಜಿಯರೂ ಮೊಮ್ಮಕ್ಕಳೂ ಇಲ್ಲದ, ಹಾಡಿಲ್ಲದ ಪೂಜೆಯನ್ನು ನೆನೆಯಿರಿ! ತೀರ್ಥಪಾತ್ರೆ ಒಣಗಿತ್ತು. ಶಾಂತಿಯ ವಂದನೆಗೆ ದೂರದಿಂದ ಕೈಮುಗಿದೆವು. ಅದು ನಮ್ಮ ನಾಡಿನ ರೀತಿಯೇ ಆದುದರಿಂದ ಯಾರಿಗೂ ಕೊರತೆಯೆನಿಸಲಿಲ್ಲ. 2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ ಬಂದು ಬಾಗಿಲು ಮತ್ತೆ ಮುಚ್ಚಿತು, ಜುಲೈನಲ್ಲಿ ತೆರೆಯಿತು.

ಎರಡನೆಯ ಸಲ ತೆರೆದಾಗ ಬಂದವರು ಮೊದಲಿಗಿಂತ ಕಡಿಮೆ. ಕೆಲವರಿಗೆ ಭಯ, ಕೆಲವರಿಗೆ ಫೋನಿನಲ್ಲಿ ಪೂಜೆ ನೋಡುವುದೇ ರೂಢಿಯಾಗಿತ್ತು. ಮುದುಕರಿಗೂ ರೋಗಿಗಳಿಗೂ ಆ ಫೋನು ದೊಡ್ಡ ಉಪಕಾರ ಮಾಡಿತು, ಅದನ್ನು ಹಳಿಯಲಾರೆವು. ಆದರೆ ಪರಮಪ್ರಸಾದವು ಫೋನಿನಲ್ಲಿ ಬರುವುದಿಲ್ಲ. ಇನ್ನು ಕೆಲವರು ಬಾರದಿದ್ದುದಕ್ಕೆ ಕಾರಣವನ್ನು ಬಹಳ ತಡವಾಗಿ ಅರಿತೆವು: ತಮ್ಮವರನ್ನು ಹಾಡಿಲ್ಲದೆ, ಬಂಧುಗಳಿಲ್ಲದೆ, ಮುಖವನ್ನೂ ಕಾಣದೆ ಮಣ್ಣು ಮಾಡಿದ ಮನೆಗಳವು. ದೇವಾಲಯದ ಬಾಗಿಲು ತೆರೆದಿದೆಯೆಂದು ಅವರಿಗೆ ಹೇಳಿಕಳುಹಿಸಿದರೆ ಸಾಲದು. ಮಿಲಾನಿನ ಗುರುಗಳಂತೆ ಹೊಸ್ತಿಲವರೆಗೆ ಹೋಗಬೇಕಾಯಿತು. ಉಪದೇಶಿಗಳೂ ವಿನ್ಸೆಂಟ್ ದೆ ಪೌಲ್ ಸಭೆಯವರೂ ಕೇರಿ ಕೇರಿಗೆ ನಮ್ಮೊಡನೆ ನಡೆದರು. ಅನೇಕ ಮನೆಗಳಲ್ಲಿ ನಾವು ಆಡಿದ ಮಾತು ಕಡಿಮೆ. ಸತ್ತವರ ಕಥೆಯನ್ನು ಕೇಳಿದೆವು, ಒಂದು ಜಪಸರ ಹೇಳಿದೆವು, ಕೊಟ್ಟ ಕಾಫಿ ಕುಡಿದು ಬಂದೆವು. ಬಳಿಕ ಒಂದೊಂದೇ ಕುಟುಂಬ ಸಮಾಧಿಯನ್ನು ಮಂತ್ರಿಸಲು ಕೇಳಿಕೊಂಡು ಬಂತು; ಅಂದು ಗಾನವೃಂದವೂ ಬಂದು, ಬಾಕಿ ಉಳಿದಿದ್ದ ಹಾಡುಗಳನ್ನು ಹಾಡಿತು. ಈ ಮನೆಭೇಟಿ ಇಂದಿಗೂ ನಡೆದಿದೆ.

ಎಲ್ಲರೂ ಮರಳಿದರೆಂದು ಬರೆದರೆ ಸುಳ್ಳಾದೀತು. ಕೆಲವು ಬೆಂಚುಗಳಲ್ಲಿ ಯಾರು ಕೂರುತ್ತಿದ್ದರೆಂಬುದು ನಮಗೂ ನಿಮಗೂ ಗೊತ್ತು.

ಆ ಎರಡು ವರುಷಗಳಲ್ಲಿ ನಮ್ಮಿಂದ ಅಗಲಿದವರ ಹೆಸರುಗಳನ್ನು ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ಅಚ್ಚು ಹಾಕಿಸಿದ್ದೇವೆ. ಬೇರೆ ಊರಿನ ಆಸ್ಪತ್ರೆಗಳಲ್ಲಿ ತೀರಿಕೊಂಡು ಅಲ್ಲಿಯೇ ಮಣ್ಣಾದ ಕೆಲವರ ಹೆಸರು ನಮ್ಮ ಪುಸ್ತಕದಲ್ಲಿ ದಾಖಲಾಗಿಲ್ಲ. ಅಂಥ ಹೆಸರು ಬಿಟ್ಟುಹೋಗಿದ್ದರೆ ಮನೆಯವರು ಗುರುನಿವಾಸಕ್ಕೆ ತಿಳಿಸಬೇಕು. ನವೆಂಬರ್ 2ರ ಪೂಜೆಯಲ್ಲಿ ಅದನ್ನೂ ಸೇರಿಸಿ ಓದುವೆವು.