ಕೊಟ್ಟೂರಿನ ದಾರಿ: ಸುಗ್ಗಿ ಮುಗಿದ ಮೇಲಿನ ಗುಂಪು ಪಯಣ

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯಲ್ಲಿ ಮನೆಮಂದಿಯೆಲ್ಲ ಒಟ್ಟಾಗಿ ಊರು ಬಿಟ್ಟು ಹೊರಡುವ ಕಾಲವೆಂದರೆ ಮಾಘ ಮಾಸ. ಆ ಹೊತ್ತಿಗೆ ಹಿಂಗಾರಿ ಜೋಳ ಕಣ ಸೇರಿ ಎತ್ತುಗಳಿಗೂ ಆಳುಗಳಿಗೂ ಬಿಡುವು ಸಿಕ್ಕಿರುತ್ತದೆ. ಚಳಿ ಇಳಿದಿರುತ್ತದೆ, ಬೇಸಿಗೆ ಇನ್ನೂ ಪೂರ್ತಿ ಕಾಲಿಟ್ಟಿರುವುದಿಲ್ಲ. ಸೀಮೆಯ ದೊಡ್ಡ ಜಾತ್ರೆಗಳು ಸಾಲುಗಟ್ಟಿರುವುದೂ ಇಲ್ಲೇ. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗ, ಅದರ ಬೆನ್ನಿಗೇ ಮೈಲಾರದ ಕಾರ್ಣಿಕ, ಬಹುಳ ದಶಮಿಯ ಸುಮಾರಿಗೆ ಕೊಟ್ಟೂರಿನ ತೇರು, ಶಿವರಾತ್ರಿಯ ಹೊತ್ತಿಗೆ ಕುರುವತ್ತಿ. ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗಿನ ಒಂದೇ ಪಕ್ಷದಲ್ಲಿ ನಾಲ್ಕು ಜಾತ್ರೆ. ಯಾವುದಕ್ಕೆ ಯಾರು ಹೋಗಬೇಕು, ಯಾರು ನಡೆಯಬೇಕು, ಯಾರನ್ನು ಬಂಡಿಯಲ್ಲಿ ಕೂರಿಸಬೇಕು ಎಂಬ ಲೆಕ್ಕಾಚಾರ ಪ್ರತಿ ಮನೆಯಲ್ಲೂ ನಡೆಯುತ್ತಿತ್ತು.

ಮೋಟಾರು ಬರುವ ಮುಂಚೆ ಈ ಲೆಕ್ಕಾಚಾರದ ನಡುವೆ ಇದ್ದದ್ದು ಕೊಲ್ಲಾರಿ ಬಂಡಿ. ಬಿಸಿಲು, ಇಬ್ಬನಿ ತಾಗದಂತೆ ಮೇಲೆ ಕಮಾನಿನ ಹಾಗೆ ಬಾಗಿಸಿದ ಹೊದಿಕೆ. ಒಳಗೆ ಜೋಳದ ಸೊಪ್ಪೆ ಹಾಸಿ ಮೇಲೆ ಕಂಬಳಿ. ಆ ಸೊಪ್ಪೆಯೇ ಎತ್ತಿನ ಮೇವು. ದಿನ ಕಳೆದಂತೆ ಹಾಸಿಗೆ ತೆಳ್ಳಗಾಗುತ್ತಿತ್ತು. ಮುದುಕರು, ಬಾಣಂತಿಯರು, ಕೂಸುಗಳು ಬಂಡಿಯೊಳಗೆ. ಕಾಲು ಗಟ್ಟಿ ಇದ್ದವರು ಅದರ ಹಿಂದೆ ಮುಂದೆ. ಹೊರಡುವ ಮುನ್ನ ಎತ್ತುಗಳಿಗೆ ಲಾಳ ಕಟ್ಟಿಸುವುದು, ಅಚ್ಚಿಗೆ ಎಣ್ಣೆ ಹಾಕುವುದು ತಪ್ಪುತ್ತಿರಲಿಲ್ಲ. ಒಂದೂರಿನ ಬಂಡಿಗಳೆಲ್ಲ ಸಾಲಾಗಿ ಹೊರಡುತ್ತಿದ್ದವು. ಒಂದರ ಗಾಲಿ ಕೆಟ್ಟರೆ ಉಳಿದವೂ ನಿಲ್ಲುತ್ತಿದ್ದವು. ಗುಂಪಿನ ವೇಗವನ್ನು ನಿರ್ಧರಿಸುತ್ತಿದ್ದವರು ಗುಂಪಿನಲ್ಲಿ ಎಲ್ಲರಿಗಿಂತ ಸೋತವರು. ಈ ಸೀಮೆಯ ಯಾತ್ರೆಯ ಇತಿಹಾಸದಲ್ಲಿ ನೆನಪಿಡಬೇಕಾದ ದೊಡ್ಡ ಗುಣವೇ ಇದು.

ಬುತ್ತಿಯ ಸಿದ್ಧತೆ ಹೆಂಗಸರದು. ತೆಳ್ಳಗೆ ತಟ್ಟಿ, ಹದವಾಗಿ ಸುಟ್ಟು, ಒಣಗಿಸಿದ ಜೋಳದ ಕಟಕ್ ರೊಟ್ಟಿ ಹಲವು ದಿನ ಕೆಡುವುದಿಲ್ಲ. ನೀರಿನ ಅಂಶ ಇಲ್ಲದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಅದಕ್ಕೆ ಜೊತೆ. ಮೊಸರನ್ನ, ಪಲ್ಯ ಮೊದಲ ದಿನವೇ ಖಾಲಿ. ಹಲ್ಲಿಲ್ಲದವರಿಗೆ ರೊಟ್ಟಿ ಮುರಿದು ಸಾರಿನಲ್ಲೋ ಮಜ್ಜಿಗೆಯಲ್ಲೋ ನೆನೆಸಿ ಕೊಡುವುದು ರೂಢಿ.

ನಾಲ್ಕು ಜಾತ್ರೆಗಳೂ ಎಲ್ಲರಿಗೂ ಸಮಾನವಾಗಿ ನಿಲುಕುವಂಥವಲ್ಲ. ಉಚ್ಚಂಗಿದುರ್ಗದಲ್ಲಿ ದೇವಿಯ ದರ್ಶನಕ್ಕೆ ಬೆಟ್ಟ ಹತ್ತಲೇಬೇಕು. ಮೊಣಕಾಲು ನೋವಿನವರು ಕೆಳಗೇ ಉಳಿದು ಅಲ್ಲಿಂದಲೇ ಕೈಮುಗಿಯುತ್ತಾರೆ. ಈ ಬೆಟ್ಟದ ಹುಣ್ಣಿಮೆಗೆ ಇನ್ನೊಂದು ಇತಿಹಾಸವೂ ಇದೆ, ಅದನ್ನು ಮುಚ್ಚಿಡಬಾರದು: ಬಡ, ದಲಿತ ಮನೆಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡುವ ಅನಿಷ್ಟ ಇಲ್ಲಿ ನಡೆಯುತ್ತಿತ್ತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ನಂತರ ಜಾತ್ರೆಯಲ್ಲಿ ಕಾವಲು ಹಾಕಲಾಗುತ್ತದೆ. ತುಂಗಭದ್ರೆಯ ದಡದ ಮೈಲಾರ ಬಯಲು ನೆಲ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ವರ್ಷದ ಭವಿಷ್ಯ ನುಡಿಯುವ ಕಾರ್ಣಿಕವನ್ನು ಕೇಳಲು ಹೊಳೆಯಾಚೆಯ ಹಾವೇರಿ, ರಾಣೆಬೆನ್ನೂರು ಕಡೆಯಿಂದಲೂ ಬಂಡಿಗಳು ಬರುತ್ತವೆ.

ಕೊಟ್ಟೂರಿನ ದಾರಿ ಮಾತ್ರ ನಡೆಯುವವರದು. ಗುರು ಕೊಟ್ಟೂರೇಶ್ವರ, ಅಂದರೆ ಕೊಟ್ಟೂರು ಬಸವೇಶ್ವರ, ಹದಿನಾರನೆಯ ಶತಮಾನದ ಶರಣರೆಂದು ಪರಂಪರೆ ಹೇಳುತ್ತದೆ. ಹಿರೇಮಠ, ತೊಟ್ಟಿಲು ಮಠ, ಗಚ್ಚಿನ ಮಠಗಳು ಅವರ ಹೆಸರಿನೊಂದಿಗೆ ಬೆಸೆದುಕೊಂಡಿವೆ. ತೇರು ಹೊರಡುವುದು ಮೂಲಾ ನಕ್ಷತ್ರ ಕೂಡಿದಾಗ. ಅದಕ್ಕೆ ಮುಂಚೆ ದಲಿತ ಮಹಿಳೆಯರು ಆರತಿ ಬೆಳಗಬೇಕು. ಮುಹೂರ್ತ ಬೀಳುವುದು ಸಂಜೆಗೆ. ನಡೆಯುವವರು ಹಗಲಿನ ಬಿಸಿಲಿನ ಹೊತ್ತಿನಲ್ಲಿ ಮಲಗಿ, ರಾತ್ರಿ ಮತ್ತು ನಸುಕಿನಲ್ಲಿ ದಾರಿ ಸವೆಸುತ್ತಾರೆ. ಹುಣ್ಣಿಮೆಯ ಜಾತ್ರೆಗಳಿಗೆ ರಾತ್ರಿಯಿಡೀ ಬೆಳುದಿಂಗಳು. ಕೊಟ್ಟೂರಿಗೆ ನಡೆಯುವವರಿಗೆ ಚಂದ್ರ ಮೂಡುವುದು ಮಧ್ಯರಾತ್ರಿ ಕಳೆದ ಮೇಲೆ. ಆದ್ದರಿಂದ ಹಿಂದೆ ಕಂದೀಲು, ಈಗ ಟಾರ್ಚು, ಮೊಬೈಲ್ ಬೆಳಕು.

ದಾವಣಗೆರೆಯಿಂದ ಉಚ್ಚಂಗಿದುರ್ಗ, ಅರಸೀಕೆರೆ ಸೀಮೆ ಹಾಯ್ದು ಕೊಟ್ಟೂರಿಗೆ ನಡೆಯುವವರ ದಾರಿ ಅರವತ್ತು ಕಿಲೋಮೀಟರಿಗೂ ಹೆಚ್ಚು. ಹರಪನಹಳ್ಳಿಯವರಿಗೆ ಅದರ ಅರ್ಧದಷ್ಟು. 1953ರ ಅಕ್ಟೋಬರ್ 1ಕ್ಕೆ ಮುಂಚೆ ದಾವಣಗೆರೆಯವರು ಮೈಸೂರಿಗೆ ಸೇರಿದವರು, ಕೊಟ್ಟೂರು, ಹರಪನಹಳ್ಳಿಗಳು ಮದರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯವು. ಯಾತ್ರೆ ಆ ಗಡಿಯನ್ನು ಲೆಕ್ಕಿಸಿರಲಿಲ್ಲ. ಮುಂದೆಯೂ ಗಡಿಗಳು ಬದಲಾದವು: ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು.

ನಡೆಯಲಾರದವರಿಗೆ ಮೊದಲು ನೆರವಾದದ್ದು ರೈಲು. 1905ರಲ್ಲಿ ಹೊಸಪೇಟೆ–ಕೊಟ್ಟೂರು ಮೀಟರ್‌ಗೇಜ್ ದಾರಿ ತೆರೆದಾಗ ಹಗರಿಬೊಮ್ಮನಹಳ್ಳಿ ಕಡೆಯವರಿಗೆ ತೇರು ಹತ್ತಿರವಾಯಿತು. ಹರಪನಹಳ್ಳಿಯವರು ಕಾದದ್ದು ನೂರು ವರ್ಷಕ್ಕೂ ಮೀರಿ. ಅವರ ಊರು ಹಾಯುವ ಹೊಸಪೇಟೆ–ಹರಿಹರ ಪ್ಯಾಸೆಂಜರ್ ಓಡಿದ್ದು 2019ರಲ್ಲಿ.

ಬಸ್ಸು, ಟ್ರಾಕ್ಟರು ಬಂದ ಮೇಲೆ ಕೊಲ್ಲಾರಿ ಬಂಡಿ ವಿರಳವಾಯಿತು. ಪಾದಯಾತ್ರೆ ಮಾತ್ರ ಬೆಳೆಯಿತು. ಬುತ್ತಿಯ ಜಾಗಕ್ಕೆ ದಾಸೋಹ ಬಂತು. ದಾರಿಯುದ್ದಕ್ಕೂ ಊರವರು ಶಾಮಿಯಾನ ಹಾಕಿ ಊಟ, ಮಜ್ಜಿಗೆ, ಕಲ್ಲಂಗಡಿ ಹೋಳು ಕೊಡುತ್ತಾರೆ. ಬೊಕ್ಕೆ ಎದ್ದ ಪಾದಕ್ಕೆ ಮುಲಾಮು, ಸೆಳೆತದ ಮೀನಖಂಡಕ್ಕೆ ಎಣ್ಣೆ ತಿಕ್ಕುವವರೂ ಅಲ್ಲಿರುತ್ತಾರೆ. ಗುರುತು ಪರಿಚಯವಿಲ್ಲದವರ ಕಾಲು ಹಿಡಿದು ಉಪಚರಿಸುವ ಈ ಸೇವೆ ಸೀಮೆಯ ಹೆಮ್ಮೆ. ಗುಂಪಿನ ಗಂಟುಮೂಟೆ ಹೊತ್ತ ಟ್ರಾಕ್ಟರು ಮುಂದಿನ ತಂಗುದಾಣಕ್ಕೆ ಮೊದಲೇ ಹೋಗಿ, ಸೋತವರನ್ನೂ ಹತ್ತಿಸಿಕೊಳ್ಳುತ್ತದೆ. ಹಳೆಯ ಬಂಡಿಯ ಕೆಲಸವನ್ನು ಅದು ವಹಿಸಿಕೊಂಡಿದೆ.

ಕಷ್ಟದ ಭಾಗ ಇರುವುದು ತಲುಪಿದ ಮೇಲೆ. ತೇರು ಎಳೆಯುವ ಹೊತ್ತಿನ ನೂಕುನುಗ್ಗಲಿನಲ್ಲಿ ಮಕ್ಕಳು, ಮುದುಕರು ನಿಲ್ಲುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. 2017ರ ಫೆಬ್ರವರಿ 21ರಂದು ಸಾಗುತ್ತಿದ್ದ ತೇರೇ ಮಗುಚಿ ಬಿದ್ದು ಹಲವರು ಗಾಯಗೊಂಡರು. ಅನುಭವಸ್ಥರು ವಯಸ್ಸಾದವರನ್ನು ತೇರಿನ ಹಾದಿಯಿಂದ ದೂರ ನಿಲ್ಲಿಸಿ, ಮಠದ ದರ್ಶನವನ್ನು ಮರುದಿನಕ್ಕೆ ಇಟ್ಟುಕೊಳ್ಳುತ್ತಾರೆ. ಊರಿಗೆ ಮರಳುವಾಗ ಹೆಚ್ಚಿನವರು ನಡೆಯುವುದಿಲ್ಲ. ಜಾತ್ರೆಗೆಂದೇ ಬಿಡುವ ಬಸ್ಸು ಹತ್ತುತ್ತಾರೆ.