ಇದ್ದುದನ್ನು ಇದ್ದಂತೆ ಅಚ್ಚು ಮಾಡುವ ಕಷ್ಟ

ಮಹಾಪ್ರಬಂಧ ಸಲ್ಲಿಸಲು ಇನ್ನು ಎರಡೇ ದಿನ. ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ನನ್ನ ಕೊಠಡಿಗೆ ಬಂದಳು. "ಸರ್, ನಿನ್ನೆಯವರೆಗೂ ಸರಿಯಿತ್ತು. ಒಂದು ಅಡಿಟಿಪ್ಪಣಿ ಸೇರಿಸಿದ ಮೇಲೆ ಪಿಡಿಎಫ್ ಬರುತ್ತಲೇ ಇಲ್ಲ." ಹಿರಿಯ ವಿದ್ಯಾರ್ಥಿಗಳಿಂದ ಕೈಬದಲಾಗುತ್ತ ಬಂದ ಲೇಟೆಕ್ ಟೆಂಪ್ಲೇಟ್ ಅದು. ತೆರೆಯ ಮೇಲೆ 'ರನ್‌ಅವೇ ಆರ್ಗ್ಯುಮೆಂಟ್' ಎಂಬ ದೂರು. ತಪ್ಪು ಅಧ್ಯಾಯದ ಕೊನೆಯ ಸಾಲಿನಲ್ಲಿದೆ ಎಂದು ಗಣಕ ಹೇಳುತ್ತಿತ್ತು. ನಿಜವಾದ ತಪ್ಪು ಇದ್ದದ್ದು ಹಲವು ಪುಟಗಳ ಹಿಂದೆ, ಆ ಅಡಿಟಿಪ್ಪಣಿಯೊಳಗೆ. ಅಲ್ಲಿ ಅವಳು ಪೈಥಾನ್ ಕ್ರಮವಿಧಿಯ ಒಂದು ತುಣುಕನ್ನು ಕೊಟ್ಟಿದ್ದಳು. ಅದರಲ್ಲಿ ಶೇಷ ಕಂಡುಹಿಡಿಯುವ % ಚಿಹ್ನೆ ಇತ್ತು.

ಈ ತೊಂದರೆಯ ಬೇರು ಸುಮಾರು ಅರ್ಧ ಶತಮಾನದಷ್ಟು ಹಳೆಯದು. 1977ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕ್ನೂತ್ ಅವರಿಗೆ ತಮ್ಮ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಗ್ರಂಥದ 2ನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಬಂತು. ಮೊದಲ ಆವೃತ್ತಿಯನ್ನು ಸೀಸದ ಮೊಳೆಗಳಿಂದ ಜೋಡಿಸಲಾಗಿತ್ತು. ಈ ಬಾರಿಯದು ಫೋಟೊ ವಿಧಾನದ್ದು. ಅಕ್ಷರಗಳ ರೂಪ ಅವರಿಗೆ ಹಿಡಿಸಲಿಲ್ಲ. ಅಚ್ಚುಕೂಟವನ್ನು ಬೈದು ಸುಮ್ಮನಾಗುವ ಬದಲು ಅವರು ತಾವೇ ಒಂದು ತಂತ್ರಾಂಶ ಬರೆಯಲು ಕುಳಿತರು. ಅದೇ ಟೆಕ್. 1982ರಲ್ಲಿ ಅದನ್ನು ಹೊಸದಾಗಿ ಬರೆದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ್ದೇ ಲೇಟೆಕ್. ಅದರ ಕೈಪಿಡಿ 1986ರಲ್ಲಿ ಪ್ರಕಟವಾಯಿತು.

ಟೆಕ್ ಒಂದೊಂದೇ ಅಕ್ಷರವನ್ನು ಓದುತ್ತ ಪ್ರತಿಯೊಂದಕ್ಕೂ 0ಯಿಂದ 15ರವರೆಗಿನ ಒಂದು ವರ್ಗಸಂಖ್ಯೆ ಹಚ್ಚುತ್ತದೆ. ಆದೇಶವನ್ನು ಆರಂಭಿಸುವ \ ಚಿಹ್ನೆಗೆ 0, ಗಣಿತಕ್ಕೆ ಮೀಸಲಾದ $ಗೆ 3, ಕೆಳಬರಹ ಸೂಚಿಸುವ _ಗೆ 8, % ಚಿಹ್ನೆಗೆ 14. ಒಮ್ಮೆ ಹಚ್ಚಿದ ಸಂಖ್ಯೆ ಅಂಚೆಚೀಟಿಯ ಮೇಲೆ ಬಿದ್ದ ಮುದ್ರೆಯಂತೆ, ತಾನಾಗಿ ಅಳಿಯದು. 14 ಇನ್ನೂ ಕಠಿಣ. % ಕಂಡೊಡನೆ ಆ ಸಾಲಿನ ಉಳಿದ ಭಾಗವನ್ನು ಟೆಕ್ ಎಸೆದೇ ಬಿಡುತ್ತದೆ.

ಕ್ರಮವಿಧಿಯನ್ನು ಇದ್ದಂತೆಯೇ ಅಚ್ಚು ಮಾಡಬೇಕಾದರೆ, ಓದುವ ಮೊದಲೇ ಈ ವಿಶೇಷ ಚಿಹ್ನೆಗಳನ್ನೆಲ್ಲ ಸಾಮಾನ್ಯ ವರ್ಗಕ್ಕೆ ಇಳಿಸಬೇಕು. ಲೇಟೆಕ್‌ನ ವರ್ಬೇಟಿಮ್ ಮಾಡುವುದು ಅದನ್ನೇ. ಆದರೆ ಅಡಿಟಿಪ್ಪಣಿಯ ಆದೇಶ ತನ್ನ ಆವರಣದೊಳಗಿನ ಎಲ್ಲವನ್ನೂ ಮೊದಲೇ ಓದಿ ಮುಗಿಸಿರುತ್ತದೆ. ಅಷ್ಟರಲ್ಲಿ ನಮ್ಮ % ಆ ಆವರಣ ಚಿಹ್ನೆಯನ್ನೂ ನುಂಗಿರುತ್ತದೆ. ಮುಚ್ಚುವ ಚಿಹ್ನೆಯನ್ನು ಹುಡುಕುತ್ತ ಗಣಕ ಅಧ್ಯಾಯದ ತುದಿ ಮುಟ್ಟುತ್ತದೆ!

ಹಾಗಾದರೆ ಕ್ನೂತ್ ತಮ್ಮ ಕ್ರಮವಿಧಿಗಳನ್ನು ಹೇಗೆ ಅಚ್ಚು ಮಾಡಿದರು? ಟೆಕ್‌ನ ಇಡೀ ಆಕರವನ್ನು ಅವರು 1986ರಲ್ಲಿ ಪುಸ್ತಕವಾಗಿ ತಂದರಷ್ಟೆ. ಅವರು ಕಚ್ಚಾ ಪಾಸ್ಕಲ್ ಸಾಲುಗಳನ್ನು ಟೆಕ್‌ಗೆ ಓದಲು ಕೊಡಲೇ ಇಲ್ಲ. 'ವೀವ್' ಎಂಬ ಪ್ರತ್ಯೇಕ ಕ್ರಮವಿಧಿ ಮೊದಲೇ ಎಲ್ಲವನ್ನೂ ಟೆಕ್ ರೂಪಕ್ಕೆ ತಂದುಕೊಡುತ್ತಿತ್ತು. ಜರ್ಮನಿಯ ಕಾರ್ಸ್ಟೆನ್ ಹೈಂಟ್ಸ್ 1996ರಲ್ಲಿ ತಂದ 'ಲಿಸ್ಟಿಂಗ್ಸ್' ಪ್ಯಾಕೇಜ್ ಬೇರೆ ದಾರಿ ಹಿಡಿಯಿತು. ಕ್ರಮವಿಧಿಯ ಪದಗಳನ್ನು ಗುರುತಿಸುವ ಕೆಲಸವನ್ನೂ ಟೆಕ್‌ನ ಒಳಗೇ ಮಾಡಿತು. ಜಾಣತನದ ಕೆಲಸವೇ ಸರಿ. ಅನಂತರ ಬಂದ 'ಮಿಂಟೆಡ್' ಮತ್ತೆ ಹೊರಗಿನ ಪೈಥಾನ್ ತಂತ್ರಾಂಶವೊಂದನ್ನು ನೆಚ್ಚಿದೆ. ಕ್ನೂತರ ಹಾದಿಯೇ ವಾಸಿ ಎಂದು ನನಗನ್ನಿಸುತ್ತದೆ.

ತುಣುಕನ್ನು ಅಡಿಟಿಪ್ಪಣಿಯಿಂದ ತೆಗೆದೆವು, ಪಿಡಿಎಫ್ ಬಂತು. ವಿದ್ಯಾರ್ಥಿನಿ ನಿಟ್ಟುಸಿರು ಬಿಟ್ಟಳು. ಅನುಬಂಧದ ಪುಟಗಳನ್ನು ತಿರುವುತ್ತಿದ್ದಾಗ ಬೆಚ್ಚಿದವನು ನಾನು. ವೇಗವನ್ನು ಲೆಕ್ಕ ಹಾಕುವ ಉದ್ದನೆಯ ಸಾಲೊಂದು ಅಂಚು ದಾಟಿ ಕಾಗದದ ಆಚೆಗೆ ಹೋಗಿತ್ತು. ಕಾಲದ ಅಂತರದಿಂದ ಗುಣಿಸುವ ಕೊನೆಯ ಪದ ಅಚ್ಚಿನಲ್ಲಿ ಇರಲೇ ಇಲ್ಲ. ಪರೀಕ್ಷಕರು ಅದನ್ನು ಓದಿದ್ದರೆ ಆಯಾಮಗಳೇ ಹೊಂದದ ಸಮೀಕರಣ ಬರೆದಿದ್ದಾಳೆ ಎನ್ನುತ್ತಿದ್ದರು. ಲಿಸ್ಟಿಂಗ್ಸ್‌ನಲ್ಲಿ ಉದ್ದದ ಸಾಲನ್ನು ಮುರಿಯುವ 'ಬ್ರೇಕ್‌ಲೈನ್ಸ್' ಆಯ್ಕೆಯನ್ನು ನಾವೇ ಕೇಳಿ ಪಡೆಯಬೇಕು. ನೇರ ಉದ್ಧರಣ ಚಿಹ್ನೆಗಳೂ ಬಾಗಿದ್ದವು. ಪಿಡಿಎಫ್‌ನಿಂದ ನಕಲಿಸಿದರೆ ಪೈಥಾನ್ ಅವನ್ನು ಒಪ್ಪದು. ಅದಕ್ಕೆ 'ಅಪ್‌ಕೋಟ್' ಪ್ಯಾಕೇಜ್ ಸೇರಿಸಿದೆವು. ಮೂಲ ಕಡತದಿಂದ ನಕಲಿಸಿ ಅಂಟಿಸಿದ್ದ ಸಾಲುಗಳನ್ನೆಲ್ಲ ಅಳಿಸಿ, ಅವಳು ಓಡಿಸಿದ ಕಡತವನ್ನೇ ಲೇಟೆಕ್ ನೇರವಾಗಿ ಓದುವಂತೆ ಮಾಡಿದೆವು.

ಉಳಿದದ್ದು ಅವಳ ಕನ್ನಡ ಟಿಪ್ಪಣಿಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಪಿಡಿಎಫ್‌ಲೇಟೆಕ್‌ನಲ್ಲಿ ಲಿಸ್ಟಿಂಗ್ಸ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ತಿಳಿಯುತ್ತದೆ. ಯೂನಿಕೋಡ್ ಬಲ್ಲ ಝೀಲೇಟೆಕ್‌ಗೆ ಹೋದರೂ ಅದೇ ಪ್ಯಾಕೇಜ್ ಅಕ್ಷರಗಳ ಸ್ಥಾನವನ್ನು ಅದಲುಬದಲು ಮಾಡುತ್ತದೆ. ಸರಳ ವರ್ಬೇಟಿಮ್ ಆದರೆ ಕನ್ನಡದ ಫಾಂಟ್ ಕೊಟ್ಟಾಗ ಸರಿಯಾಗಿ ಬರುತ್ತದೆ, ಬಣ್ಣ ಇರುವುದಿಲ್ಲ ಅಷ್ಟೆ. ಎರಡು ದಿನಗಳಲ್ಲಿ ಇಡೀ ಟೆಂಪ್ಲೇಟ್ ಬದಲಿಸುವ ಧೈರ್ಯ ನಮಗಿರಲಿಲ್ಲ. "ಟಿಪ್ಪಣಿಗಳನ್ನು ಕ್ರಮವಿಧಿಯ ಕೆಳಗೆ ಇಂಗ್ಲಿಷಿನಲ್ಲೇ ವಿವರಿಸಿಬಿಡಮ್ಮ" ಎಂದೆ. ಅವಳು ಒಪ್ಪಿದಳು, ಅಷ್ಟೇನೂ ಸಂತೋಷದಿಂದಲ್ಲ.